ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್

ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್: ಬ್ರಿಟನ್ನಿನ ಹೊರಗೆ ಸ್ಥಾಪನೆಯಾಗಿ ಇಂದಿಗೂ ಉಳಿದಿರುವ ಗಾಲ್ಫ್ ಸಂಸ್ಥೆಗಳಲ್ಲಿ ಅತ್ಯಂತ ಹಳೆಯದು. ಫಿರಂಗಿದಳದ ನೆಲೆಯಾಗಿದ್ದ ದಮ್‌ದಮ್‌ನಲ್ಲಿ 1829ರಲ್ಲಿ ಆರಂಭವಾದ ಈ ಕ್ಲಬ್ಬು ಮುಂದೆ ಕೋಲ್ಕತ್ತದ ಮೈದಾನದಲ್ಲಿ ಆಡಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಗರದ ದಕ್ಷಿಣಕ್ಕಿರುವ ಟಾಲಿಗಂಜ್‌ನಲ್ಲಿ ನೆಲೆಗೊಂಡಿತು. 1911ರಲ್ಲಿ ಐದನೆಯ ಜಾರ್ಜ್ ದೊರೆ ಭಾರತಕ್ಕೆ ಬಂದ ಸಂದರ್ಭದಲ್ಲಿ ಇದಕ್ಕೆ ‘ರಾಯಲ್’ ಎಂಬ ಬಿರುದು ದೊರೆಯಿತು. ಹಣಕ್ಕಾಗಿ ಆಡದ ಹವ್ಯಾಸಿಗಳ ಅಖಿಲ ಭಾರತ ಚಾಂಪಿಯನ್‌ಶಿಪ್ಪನ್ನು 1892ರಲ್ಲಿ ಆರಂಭಿಸಿದ್ದು ಈ ಕ್ಲಬ್ಬಿನ ಮುಖ್ಯ ಕೊಡುಗೆ.

ಹದಿನೆಂಟು ಕುಳಿಗಳ ಈ ಅಂಗಣದ ವೈಶಿಷ್ಟ್ಯವಿರುವುದು ಅದರ ನೆಲದಲ್ಲಿ. ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳಲ್ಲಿ ಹುಟ್ಟಿದ ಆಟಕ್ಕೆ ಗಂಗೆಯ ಮುಖಜಭೂಮಿಯ ಸಮತಟ್ಟು ಮೆಕ್ಕಲುಮಣ್ಣು ಒಗ್ಗುವಂತಿರಲಿಲ್ಲ. ಆದ್ದರಿಂದ ಅಲ್ಲಲ್ಲಿ ಕೊಳಗಳನ್ನು ತೋಡಿ, ಆ ಮಣ್ಣಿನಿಂದಲೇ ‘ಗ್ರೀನ್’ ಎನಿಸುವ, ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸನ್ನು ಎತ್ತರಿಸಲಾಯಿತು. ಮಳೆನೀರು ಬಸಿದು ಇಳಿಯುವ ಈ ಕೊಳಗಳೇ ಚೆಂಡನ್ನು ನುಂಗುವ ಅಡೆತಡೆಗಳೂ ಹೌದು. ಆಟದ ಹಾದಿಯಲ್ಲಿ, ಎಂದರೆ ‘ಫೇರ್‌ವೇ’ಯಲ್ಲಿ, ಬೆಳೆದಿರುವುದು ಗಣಪತಿ ಪೂಜೆಗೆ ಸಲ್ಲುವ ಗರಿಕೆಯ ಜಾತಿಯ ಹುಲ್ಲು, ನೆಲದ ಮೇಲೆ ಹಬ್ಬಿ ಗಿಣ್ಣುಗಿಣ್ಣಿಗೂ ಬೇರೂರುವ ಇದು ತುಳಿತವನ್ನೂ ಬಿಸಿಲನ್ನೂ ತಾಳುತ್ತದೆ.

ಸ್ವಾತಂತ್ರ್ಯಾನಂತರ ಕ್ಲಬ್ಬಿನ ಜಮೀನಿನ ಒಂದು ಭಾಗ ಪಶ್ಚಿಮ ಬಂಗಾಳ ಸರ್ಕಾರಕ್ಕೆ ಸೇರಿತು. ಕರ್ನಾಟಕದಲ್ಲಿ ಇದಕ್ಕೆ ಹೋಲಿಸಬಹುದಾದ ಹಳೆಯ ಸಂಸ್ಥೆಯೆಂದರೆ 1876ರಲ್ಲಿ ಸ್ಥಾಪಿತವಾದ, ಸ್ಯಾಂಕಿ ರಸ್ತೆಯಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್.