ಬರೆದದ್ದು ಎಲ್ಲಿ ಉಳಿಯಿತು?

ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಜಮೀನಿನ ಲೆಕ್ಕ ಅಂದರೆ ಶಾನುಭೋಗರ ಪುಸ್ತಕ. 1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ಹೋಗಿ ಗ್ರಾಮಲೆಕ್ಕಿಗರು ಬಂದರೂ ಪುಸ್ತಕ ಉಳಿಯಿತು. ಶಾಯಿ ಒಣಗಿದರೆ ದಾಖಲೆಯಾಯಿತು, ಅಷ್ಟೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಪಹಣಿಯನ್ನು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಸಾಗಿಸಿತು. ಈಗ ನಾಡಕಚೇರಿಯಲ್ಲಿ ಟೈಪಿಸಿದ್ದು ಉಳಿಯುವುದು ದೂರದ ಸರ್ವರಿನಲ್ಲಿ. ಹಾಗಾದರೆ ‘ಸೇವ್ ಆಯ್ತು’ ಅನ್ನುವುದನ್ನು ಯಾವಾಗ ನಂಬಬೇಕು?

ಈ ಪ್ರಶ್ನೆ ‘ಭೂಮಿ’ಗಿಂತ ಹಳೆಯದು. 1980ರ ದಶಕದಲ್ಲಿ ಡಿಸ್ಕ್ ಬಲು ದುಬಾರಿ. ಅಮೆರಿಕದ ಸನ್ ಕಂಪನಿ ಡಿಸ್ಕೇ ಇಲ್ಲದ ಯಂತ್ರಗಳನ್ನೂ ಮಾರುತ್ತಿತ್ತು. ಅವುಗಳ ಫೈಲುಗಳೆಲ್ಲ ನೆಟ್‌ವರ್ಕಿನ ಆಚೆಯ ಸರ್ವರಿನಲ್ಲಿ. ಅದಕ್ಕೆಂದೇ 1984-85ರಲ್ಲಿ ಎನ್‌ಎಫ್‌ಎಸ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಯುನಿಕ್ಸ್‌ನಲ್ಲಿ ನಾವು ಬರೆದದ್ದು ಮೊದಲು ಮೆಮೊರಿಯಲ್ಲಿ ಕೂತಿರುತ್ತದೆ. ಕರೆಂಟು ಹೋದರೆ ಅದೂ ಹೋಯಿತು. ಅದನ್ನು ಡಿಸ್ಕಿಗೆ ತಳ್ಳಿ, ತಲುಪುವ ತನಕ ಕಾಯಿಸುವ ಆಜ್ಞೆ ಎಫ್‌ಸಿಂಕ್. ಡಿಸ್ಕೇ ಇಲ್ಲದ ಯಂತ್ರ ತಳ್ಳುವುದೆಲ್ಲಿಗೆ? ಸರ್ವರಿಗೆ. ಆದರೆ ಸರ್ವರಿಗೂ ಮೆಮೊರಿ ಇದೆ, ಅದಕ್ಕೂ ಕರೆಂಟು ಹೋಗುತ್ತದೆ.

ಸನ್ ಎಂಜಿನಿಯರುಗಳ ನಿಯಮ ಕಟ್ಟುನಿಟ್ಟು: ತನ್ನ ಡಿಸ್ಕಿಗೆ ಬರೆಯುವ ತನಕ ಸರ್ವರ್ ‘ಆಯಿತು’ ಅನ್ನಕೂಡದು. ಉತ್ತರ ಬರದಿದ್ದರೆ ಈಚೆಯ ಯಂತ್ರ ಅದನ್ನೇ ಮತ್ತೆ ಕಳಿಸುತ್ತದೆ. ನಡುವೆ ಸರ್ವರ್ ಬಿದ್ದೆದ್ದರೂ ಬರೆದದ್ದು ಕಳೆಯದು. ಬೆಲೆ ಮಾತ್ರ ದೊಡ್ಡದು: ಹೆಚ್ಚೆಂದರೆ 8 ಕಿಲೋಬೈಟಿನ ಒಂದೊಂದು ತುಣುಕಿಗೂ ಡಿಸ್ಕ್ ತಿರುಗುವುದನ್ನು ಕಾಯಬೇಕು. ಕೆಲವು ಸರ್ವರುಗಳು ಬರೆಯುವ ಮೊದಲೇ ‘ಆಯಿತು’ ಅಂದುಬಿಡುವ ಅಡ್ಡದಾರಿ ಹಿಡಿದವು. ವೇಗ ಸಿಕ್ಕಿತು. ನಮ್ಮ ದೃಷ್ಟಿಯಲ್ಲಿ ಅದು ಸುಳ್ಳು ರಸೀದಿ.

1995ರ ಮೂರನೇ ಆವೃತ್ತಿ ಈ ತೊಡಕನ್ನು ಜಾಣತನದಿಂದ ಬಿಡಿಸಿತು. ಸರ್ವರ್ ‘ತೆಗೆದುಕೊಂಡಿದ್ದೇನೆ, ಇನ್ನೂ ಬರೆದಿಲ್ಲ’ ಎಂದು ನಿಜವನ್ನೇ ಹೇಳಬಹುದು, ಜೊತೆಗೊಂದು ಗುರುತಿನ ಸಂಖ್ಯೆ ಕೊಡುತ್ತದೆ. ಈಚೆಯ ಯಂತ್ರ ತನ್ನ ಪ್ರತಿಯನ್ನು ಬಿಸಾಡುವಂತಿಲ್ಲ. ಖಾತೆ ಬದಲಾವಣೆಗೆ ಅರ್ಜಿ ಹಾಕಿದ ರೈತ ಪಹಣಿಯಲ್ಲಿ ಹೆಸರು ಕಾಣುವ ತನಕ ಸ್ವೀಕೃತಿ ಚೀಟಿ ಇಟ್ಟುಕೊಂಡ ಹಾಗೆ. ಕೊನೆಗೆ ‘ಕಮಿಟ್’ ಎಂಬ ಕೋರಿಕೆ ಹೋಗುತ್ತದೆ. ಸರ್ವರ್ ಮಧ್ಯೆ ಸತ್ತು ಎದ್ದಿದ್ದರೆ ಗುರುತಿನ ಸಂಖ್ಯೆ ಬದಲಾಗಿರುತ್ತದೆ. ಆಗ ಕಮಿಟ್ ಆಗದ್ದನ್ನೆಲ್ಲ ಮತ್ತೆ ಕಳಿಸಬೇಕು. ಎಲ್ಲ ಡಿಸ್ಕಿಗೆ ಸೇರಿದ ಮೇಲೆಯೇ ಎಫ್‌ಸಿಂಕ್ ಮುಗಿಯುತ್ತದೆ.

ಅಡ್ಡದಾರಿ ಅಷ್ಟು ಸುಲಭಕ್ಕೆ ಮುಚ್ಚಲಿಲ್ಲ. ಲಿನಕ್ಸ್‌ನ ಎನ್‌ಎಫ್‌ಎಸ್ ಸಲಕರಣೆಗಳಲ್ಲಿ 1.0.0 ಆವೃತ್ತಿಯವರೆಗೂ, ಯಾರೂ ಬೇರೆ ಹೇಳದಿದ್ದರೆ, ಮೊದಲು ಉತ್ತರಿಸಿ ಆಮೇಲೆ ಬರೆಯುವುದೇ ರೂಢಿಯಾಗಿತ್ತು. ಅದರ ನಂತರವೇ ರೂಢಿ ಬದಲಾದದ್ದು. ಹಳೆಯ ದಾರಿ ಈಗಲೂ ಇದೆ, ಬೇಕಾದವರು ಕೇಳಿ ಪಡೆಯಬೇಕು.