ರಂಗವಿನ್ಯಾಸ ಶಿಕ್ಷಣದ ಪ್ರವೇಶದ್ವಾರ : ಒಂದು ಚಾರಿತ್ರಿಕ ಅವಲೋಕನ

ಆಧುನಿಕ ಭಾರತೀಯ ರಂಗಭೂಮಿಯ ಚರಿತ್ರೆಯಲ್ಲಿ ಮೊದಲ ಮಣೆ ನಾಟಕಕಾರನಿಗೆ, ಎರಡನೆಯದು ನಿರ್ದೇಶಕನಿಗೆ, ಮೂರನೆಯದು ನಟನಿಗೆ ಸಂದಿದೆ. ರಂಗವಿನ್ಯಾಸಕಾರನ ಹೆಸರು ಪ್ರಯೋಗದ ಕರಪತ್ರದ ಕೆಳಸಾಲಿನಲ್ಲಿ ಉಳಿದದ್ದೇ ಹೆಚ್ಚು. ರಂಗಸಜ್ಜಿಕೆ, ವಸ್ತ್ರ, ಬೆಳಕು, ಪ್ರಸಾಧನಗಳನ್ನು ಒಟ್ಟಾಗಿ ಒಂದು ವಿದ್ಯೆಯೆಂದು ಭಾವಿಸಿ, ಅದಕ್ಕೊಂದು ಪಠ್ಯಕ್ರಮವನ್ನು ರೂಪಿಸಿ, ಅರ್ಜಿ ಕರೆದು ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವ ಪದ್ಧತಿ ಇಪ್ಪತ್ತನೆಯ ಶತಮಾನದ್ದು. ಈ ಪದ್ಧತಿಯ ಬಗೆಗೆ ಬರೆಯುವವರು ಸಾಮಾನ್ಯವಾಗಿ ಶಾಲೆಯೊಳಗೆ ಏನನ್ನು ಕಲಿಸಲಾಯಿತು ಎಂಬುದನ್ನು ಚರ್ಚಿಸುತ್ತಾರೆ. ಶಾಲೆಯ ಬಾಗಿಲಲ್ಲಿ ಏನನ್ನು ಕೇಳಲಾಯಿತು ಎಂಬುದು ಅಷ್ಟೇ ಮಹತ್ವದ ಪ್ರಶ್ನೆ. ಅರ್ಜಿಯ ಷರತ್ತುಗಳೇ ಯಾರು ವಿನ್ಯಾಸಕಾರರಾಗಬಹುದು, ಯಾರು ಆಗಲಾರರು ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸಿವೆ.

ಈ ಕಸುಬು ನಮ್ಮಲ್ಲಿ ಹೊಸತಲ್ಲ. ಭರತನ ನಾಟ್ಯಶಾಸ್ತ್ರವು ಆಹಾರ್ಯವನ್ನು ಅಭಿನಯದ ನಾಲ್ಕು ಬಗೆಗಳಲ್ಲಿ ಒಂದೆಂದು ಎಣಿಸಿದೆ. ಅದರ ಕೊನೆಯ ಭಾಗದಲ್ಲಿ ನಾಟಕ ಮಂಡಲಿಯ ಸದಸ್ಯರನ್ನು ಹೆಸರಿಸುವಾಗ ಮುಕುಟ ಮಾಡುವವನು, ಆಭರಣ ಮಾಡುವವನು, ಮಾಲೆ ಕಟ್ಟುವವನು, ವೇಷಕಾರ, ಚಿತ್ರಕಾರ, ಬಟ್ಟೆಗೆ ಬಣ್ಣ ಕಟ್ಟುವ ರಜಕ ಇವರೆಲ್ಲರೂ ನಟರ ಜೊತೆಯಲ್ಲಿಯೇ ಬರುತ್ತಾರೆ. ಇವರ ವಿದ್ಯೆ ಮನೆತನದಿಂದ, ಗುರುವಿನಿಂದ, ಕೈಕೆಲಸದಿಂದ ಬಂದದ್ದು. ವೃತ್ತಿನಾಟಕ ಕಂಪನಿಗಳ ಕಾಲದಲ್ಲಿಯೂ ಸ್ಥಿತಿ ಇದೇ ಆಗಿತ್ತು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಂತಹ ಮಂಡಲಿಗಳಲ್ಲಿ ಅರಮನೆ, ಬೀದಿ, ಕಾಡು, ಉದ್ಯಾನಗಳ ಪರದೆಗಳನ್ನು ಬರೆದ ಕಲಾವಿದರು ಯಾವ ಶಾಲೆಗೂ ಅರ್ಜಿ ಹಾಕಿದವರಲ್ಲ. ಹುಡುಗನೊಬ್ಬ ಬಣ್ಣ ಅರೆಯುವುದರಿಂದ ತೊಡಗಿ, ಪರದೆಯ ಅಂಚು ತುಂಬುತ್ತ, ಕಾಲಕ್ರಮದಲ್ಲಿ ದರ್ಬಾರಿನ ಕಂಬಗಳನ್ನು ಎಳೆಯುವಷ್ಟು ಕೈ ಪಳಗಿಸಿಕೊಳ್ಳುತ್ತಿದ್ದ. ಮರಾಠಿ ಸಂಗೀತ ನಾಟಕ ಮಂಡಲಿಗಳಿಗೆ ಪರದೆ ಬರೆಯುತ್ತಿದ್ದ ಕೊಲ್ಹಾಪುರದ ಬಾಬುರಾವ್ ಪೇಂಟರ್ ಮುಂದೆ ಚಲನಚಿತ್ರರಂಗದ ಆದ್ಯರಲ್ಲಿ ಒಬ್ಬರಾದುದು ಈ ಪರಂಪರೆಯ ಸಾಮರ್ಥ್ಯಕ್ಕೆ ನಿದರ್ಶನ. ಗುಬ್ಬಿ ಕಂಪನಿಯ 1934ರ ‘ಕುರುಕ್ಷೇತ್ರ’ದ ವೈಭವವನ್ನು ಕುರಿತು ಬರೆದವರು ಅನೇಕರಿದ್ದಾರೆ, ಅದನ್ನು ಕಟ್ಟಿದ ಬಡಗಿ, ದರ್ಜಿ, ಚಿತ್ರಕಾರರನ್ನು ಕುರಿತು ಬರೆದವರು ವಿರಳ.

ವಿಶ್ವವಿದ್ಯಾಲಯದ ಆವರಣದೊಳಗೆ ರಂಗಶಿಕ್ಷಣ ಪದವಿಯ ರೂಪದಲ್ಲಿ ಕಾಲಿಟ್ಟದ್ದು ಅಮೆರಿಕದಲ್ಲಿ. ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ತಾಂತ್ರಿಕ ಸಂಸ್ಥೆಯು 1914ರಲ್ಲಿ ಥಾಮಸ್ ವುಡ್ ಸ್ಟೀವನ್ಸ್ ಅವರ ನೇತೃತ್ವದಲ್ಲಿ ನಾಟಕ ವಿಭಾಗವನ್ನು ತೆರೆಯಿತು. ಹಾರ್ವರ್ಡ್‌ನಲ್ಲಿ ನಾಟಕರಚನೆಯನ್ನು ಕಲಿಸುತ್ತಿದ್ದ ಜಾರ್ಜ್ ಪಿಯರ್ಸ್ ಬೇಕರ್ ಅವರಿಗೆ ಅಲ್ಲಿ ರಂಗಮಂದಿರ ದೊರೆಯದೆ, ಅವರು ಏಲ್ ವಿಶ್ವವಿದ್ಯಾಲಯಕ್ಕೆ ಹೋದದ್ದರಿಂದ 1920ರ ದಶಕದ ನಡುವೆ ಅಲ್ಲಿ ನಾಟಕ ವಿಭಾಗ ಹುಟ್ಟಿತು. 1925ರಿಂದ ಡೊನಾಲ್ಡ್ ಓಯೆನ್‌ಸ್ಲಾಗರ್ ಅಲ್ಲಿ ರಂಗವಿನ್ಯಾಸವನ್ನು ಕಲಿಸತೊಡಗಿ, ಸುಮಾರು ನಾಲ್ಕೂವರೆ ದಶಕ ಅದೇ ಪೀಠದಲ್ಲಿದ್ದರು. ಅವರ ನಂತರದ ಪೀಳಿಗೆಯನ್ನು ರೂಪಿಸಿದವರು ಶಾಂಘೈನಲ್ಲಿ ಹುಟ್ಟಿ, ಚೀನೀ ಭೂದೃಶ್ಯ ಚಿತ್ರಕಲೆಯನ್ನು ಅಭ್ಯಾಸ ಮಾಡಿ ಅಮೆರಿಕಕ್ಕೆ ಹೋದ ಮಿಂಗ್ ಚೋ ಲೀ. ಅವರು 1969ರಿಂದ ಐದು ದಶಕಗಳಿಗೆ ಸಮೀಪ ಏಲ್‌ನಲ್ಲಿ ಪಾಠ ಹೇಳಿದರು.

ಈ ಪರಂಪರೆ ಅರ್ಜಿದಾರನಿಂದ ಮುಖ್ಯವಾಗಿ ಬಯಸಿದ್ದು ಚಿತ್ರಸಂಪುಟವನ್ನು. ರೇಖಾಚಿತ್ರಗಳು, ವರ್ಣಚಿತ್ರಗಳು, ರಂಗದ ನಕ್ಷೆಗಳು, ಮಾದರಿಗಳ ಛಾಯಾಚಿತ್ರಗಳು, ಇವುಗಳೊಡನೆ ಉದ್ದೇಶಪತ್ರ, ಶಿಫಾರಸು ಪತ್ರಗಳು, ಕೊನೆಗೆ ಸಂದರ್ಶನ. ಇದರ ಹಿಂದಿರುವ ನಂಬಿಕೆ ಸ್ಪಷ್ಟ: ನೋಡುವ ಕಣ್ಣು ಕಾಗದದ ಮೇಲೆ ಸಾಕ್ಷ್ಯ ಬಿಡುತ್ತದೆ. ಅಭ್ಯರ್ಥಿಗೆ ಅಭಿನಯಿಸಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಲಂಡನ್ನಿನಲ್ಲಿ ಮಾರ್ಗರೆಟ್ ಹ್ಯಾರಿಸ್ 1966ರಲ್ಲಿ ಆರಂಭಿಸಿದ ಮಾಟ್ಲಿ ರಂಗವಿನ್ಯಾಸ ಶಿಕ್ಷಣವೂ ಕಾಗದ ಮತ್ತು ಮಾದರಿಗಳ ಮೇಲೆಯೇ ನಿಂತದ್ದು. ಆದರೆ ಅದು ವಿಶ್ವವಿದ್ಯಾಲಯದ ಹೊರಗೆ, ವೃತ್ತಿನಿರತ ವಿನ್ಯಾಸಕಾರರೇ ನಡೆಸಿದ ಸಣ್ಣ ಶಾಲೆ, 2011ರಲ್ಲಿ ಮುಚ್ಚಿತು. ಚಿತ್ರಸಂಪುಟದ ಪದ್ಧತಿ ನ್ಯಾಯವಾದುದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅಂಥ ಸಂಪುಟವನ್ನು ಕಟ್ಟಲು ಕಾಗದ, ಬಣ್ಣ, ಬಿಡುವು, ಮೊದಲೇ ದೊರೆತ ಕಲಾಶಿಕ್ಷಣ ಇವೆಲ್ಲ ಬೇಕು. ಪ್ರವೇಶ ದೊರೆತ ಮೇಲೆ ಶುಲ್ಕ ತೆರಲು ಹಣ ಬೇಕು. ಏಲ್‌ನ ನಾಟಕ ಶಾಲೆ 2021ರಲ್ಲಿ ಹದಿನೈದು ಕೋಟಿ ಡಾಲರುಗಳ ದತ್ತಿ ಪಡೆದು ಬೋಧನಾಶುಲ್ಕವನ್ನು ರದ್ದು ಮಾಡಿತು. ಅಲ್ಲಿಯವರೆಗೆ ಈ ವಿದ್ಯೆಯ ಬಾಗಿಲಲ್ಲಿ ಸಾಲದ ಲೆಕ್ಕವೂ ಒಂದು ಪರೀಕ್ಷೆಯಾಗಿತ್ತೆಂದು ಹೇಳುವುದು ತಪ್ಪಾಗದು.

ಈ ಅಮೆರಿಕನ್ ಪರಂಪರೆಗೂ ಭಾರತದ ರಂಗಶಿಕ್ಷಣಕ್ಕೂ ನೇರವಾದ ಒಂದು ಕೊಂಡಿಯಿದೆ. ಕನ್ನಡದ ರಂಗಚರಿತ್ರೆಗಳಲ್ಲಿ ಆ ಹೆಸರು ಅಪರೂಪ. ಬಂಗಾಳದ ಸತು ಸೇನ್ 1920ರ ದಶಕದಲ್ಲಿ ಅಮೆರಿಕಕ್ಕೆ ತೆರಳಿ ಕಾರ್ನೆಗಿ ಸಂಸ್ಥೆಯಲ್ಲಿ ನಾಟಕ ವಿಭಾಗದ ಶಿಕ್ಷಣ ಪಡೆದರು. ಬಳಿಕ ನ್ಯೂಯಾರ್ಕಿನಲ್ಲಿ ರಿಚರ್ಡ್ ಬೊಲೆಸ್ಲಾವ್‌ಸ್ಕಿ ಅವರ ಲ್ಯಾಬೊರೇಟರಿ ಥಿಯೇಟರಿನ ತಾಂತ್ರಿಕ ಕೆಲಸದಲ್ಲಿ ತೊಡಗಿದರು. ಕಲ್ಕತ್ತೆಗೆ ಮರಳಿ 1933ರಲ್ಲಿ ರಂಗಮಹಲ್ ನಾಟಕಮಂದಿರದಲ್ಲಿ ತಿರುಗುವ ರಂಗವನ್ನು ಅಳವಡಿಸಿದರು. ಪರದೆ ಇಳಿಸಿ ಏರಿಸಿ ದೃಶ್ಯ ಬದಲಿಸುತ್ತಿದ್ದ ಕಾಲಕ್ಕೆ ಅದೊಂದು ದೊಡ್ಡ ಪಲ್ಲಟ. ಸಂಗೀತ ನಾಟಕ ಅಕಾಡೆಮಿಯು 1959ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ನಾಟಕ ಶಾಲೆಯನ್ನು ಸ್ಥಾಪಿಸಿದಾಗ ಅದರ ಮೊದಲ ನಿರ್ದೇಶಕರಾದವರು ಇವರೇ. ಅಂದರೆ ಈ ನಾಟಕ ಶಾಲೆಯ ಚುಕ್ಕಾಣಿಯನ್ನು ಮೊದಲು ಹಿಡಿದವರು ಬೆಳಕು ಮತ್ತು ರಂಗತಂತ್ರಗಳ ಜ್ಞಾನಿ. ಹಾಗಿದ್ದೂ ಆ ಶಾಲೆಯಲ್ಲಿ ವಿನ್ಯಾಸಕ್ಕೆಂದೇ ಪ್ರತ್ಯೇಕವಾದ ಪ್ರವೇಶ ಏರ್ಪಡಲಿಲ್ಲ.

1962ರಲ್ಲಿ ನಿರ್ದೇಶಕರಾಗಿ ಬಂದ ಇಬ್ರಾಹಿಂ ಅಲ್ಕಾಜಿ ಚಿತ್ರಕಲೆಯ ಸಂಸ್ಕಾರವುಳ್ಳವರು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನಾಟ್ಯಶಿಕ್ಷಣ ಪಡೆದವರು. 1977ರವರೆಗಿನ ಅವರ ಹದಿನೈದು ವರ್ಷಗಳಲ್ಲಿ ರಂಗದ ದೃಶ್ಯರೂಪವು ಪಠ್ಯದ ಅಲಂಕಾರವೆಂಬ ಭಾವನೆ ಅಳಿದು, ಅದು ಪಠ್ಯದ ವ್ಯಾಖ್ಯಾನವೆಂಬ ತಿಳಿವಳಿಕೆ ನೆಲೆಗೊಂಡಿತು. 1963ರಲ್ಲಿ ಫಿರೋಜ್‌ಷಾ ಕೋಟ್ಲಾದ ಅವಶೇಷಗಳ ನಡುವೆ ‘ಅಂಧಾ ಯುಗ್’, 1970ರ ದಶಕದಲ್ಲಿ ಪುರಾನಾ ಕಿಲಾದಲ್ಲಿ ಗಿರೀಶ ಕಾರ್ನಾಡರ ‘ತುಘಲಕ್’ ಪ್ರದರ್ಶನಗೊಂಡದ್ದನ್ನು ಇಲ್ಲಿ ನೆನೆಯಬೇಕು. ಕನ್ನಡದ ನಾಟಕವೊಂದು ಕೋಟೆಯ ಕಲ್ಲುಗೋಡೆಯನ್ನೇ ರಂಗಸಜ್ಜಿಕೆಯಾಗಿ ಪಡೆದದ್ದು ವಿದ್ಯಾರ್ಥಿಗಳಿಗೆ ಹಲವು ಪಾಠಗಳಿಗಿಂತ ದೊಡ್ಡ ಪಾಠವಾಗಿದ್ದಿರಬೇಕು. ರೋಷನ್ ಅಲ್ಕಾಜಿ ಅವರ ವಸ್ತ್ರವಿನ್ಯಾಸ ಮತ್ತು ಪ್ರಾಚೀನ ಭಾರತೀಯ ಉಡುಪುಗಳ ಅಧ್ಯಯನ, ಕೂತಂಬಲಗಳ ರಚನೆಯನ್ನು ಕುರಿತ ಗೋವರ್ಧನ ಪಾಂಚಾಲರ ಸಂಶೋಧನೆ ಈ ವಿದ್ಯೆಗೆ ಶಾಸ್ತ್ರದ ತಳಹದಿಯನ್ನು ಒದಗಿಸಿದವು.

ಇನ್ನು ಅರ್ಜಿಯ ವಿಚಾರ. ಶಾಲೆಯ ಇತ್ತೀಚಿನ ದಶಕಗಳ ಪ್ರಕಟಣೆಗಳ ಪ್ರಕಾರ ಅಭ್ಯರ್ಥಿಯು ಯಾವುದಾದರೂ ವಿಷಯದಲ್ಲಿ ಪದವಿ ಪಡೆದಿರಬೇಕು. ಕನಿಷ್ಠ ಆರು ನಾಟಕಪ್ರಯೋಗಗಳಲ್ಲಿ ಭಾಗವಹಿಸಿರಬೇಕು. ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳ ವ್ಯಾವಹಾರಿಕ ಜ್ಞಾನ ಇರಬೇಕು. ಮೊದಲ ಹಂತದ ಪರೀಕ್ಷೆ ಬೆಂಗಳೂರೂ ಸೇರಿದಂತೆ ದೇಶದ ಹಲವು ನಗರಗಳಲ್ಲಿ ನಡೆಯುತ್ತದೆ. ಅಲ್ಲಿ ಸೂಚಿತ ನಾಟಕಭಾಗಗಳನ್ನು ಕಂಠಪಾಠ ಮಾಡಿ ಅಭಿನಯಿಸಬೇಕು. ಅದರಲ್ಲಿ ಆಯ್ಕೆಯಾದವರಿಗೆ ದೆಹಲಿಯಲ್ಲಿ ಕೆಲವು ದಿನಗಳ ಕಮ್ಮಟ. ಮೂರು ವರ್ಷಗಳ ಡಿಪ್ಲೊಮಾದ ಮೊದಲ ವರ್ಷ ಎಲ್ಲರಿಗೂ ಸಮಾನ. ಅನಂತರವೇ ಅಭಿನಯ ಅಥವಾ ನಿರ್ದೇಶನದೊಡನೆ ಕೂಡಿದ ವಿನ್ಯಾಸ ಎಂಬ ಕವಲು. ವಿಶ್ವವಿದ್ಯಾಲಯಗಳ ಸಂಘವು ಈ ಡಿಪ್ಲೊಮಾವನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಮಾನ್ಯ ಮಾಡಿದೆ. 2005ರಲ್ಲಿ ದೊರೆತಿದ್ದ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನವನ್ನು ಶಾಲೆಯೇ ಮುಂದೆ ಬಿಟ್ಟುಕೊಟ್ಟಿತಾದರೂ ಈ ಮಾನ್ಯತೆಗೆ ಅದರಿಂದ ಚ್ಯುತಿ ಬರಲಿಲ್ಲ.

ಹೀಗೆ ವಿನ್ಯಾಸಕಾರನಾಗಬಯಸುವವನು ನಟನ ಬಾಗಿಲಿನಿಂದಲೇ ಒಳಬರಬೇಕಾಗಿದೆ. ಈ ವ್ಯವಸ್ಥೆಗೆ ಸಮರ್ಥನೆ ಇಲ್ಲದಿಲ್ಲ. ರಂಗದ ಮೇಲೆ ನಿಂತು ಮಾತಾಡಿದವನಿಗೆ ಮೆಟ್ಟಿಲಿನ ಎತ್ತರ, ಮುಖದ ಮೇಲೆ ಬೀಳುವ ಬೆಳಕು, ಸೆರಗಿನ ಭಾರ ಇವು ಮೈಯಿಂದಲೇ ತಿಳಿದಿರುತ್ತವೆ. ಚಿತ್ರಸಂಪುಟದ ಶಾಲೆಗಳು ಇದನ್ನು ಪ್ರವೇಶವಾದ ಮೇಲೆ ಶ್ರಮಪಟ್ಟು ಕಲಿಸಬೇಕಾಗುತ್ತದೆ. ಆಯ್ಕೆಯಾದವರಿಗೆಲ್ಲ ವಿದ್ಯಾರ್ಥಿವೇತನ ದೊರೆಯುವುದರಿಂದ ಬಡವನಿಗೆ ಶುಲ್ಕದ ಭಯವಿಲ್ಲ. ಆದರೆ ನಷ್ಟವೂ ಸಣ್ಣದಲ್ಲ. ಚೆನ್ನಾಗಿ ಬರೆಯಬಲ್ಲ, ಕಟ್ಟಬಲ್ಲ, ಆದರೆ ನಾಲ್ಕು ಜನರೆದುರು ಬಾಯಿ ತೆರೆಯಲು ಸಂಕೋಚಪಡುವ ವ್ಯಕ್ತಿ ಮೊದಲ ಸುತ್ತಿನಲ್ಲಿಯೇ ಹೊರಗುಳಿಯುತ್ತಾನೆ. ಭಾರತದ ರಂಗವಿನ್ಯಾಸದ ಅತ್ಯುನ್ನತ ಸಾಧನೆಗಳಲ್ಲಿ ಕೆಲವು ಶಾಲೆಯ ಹೊರಗಿನವರಿಂದ ಬಂದವೆಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1954ರಲ್ಲಿ ‘ಬಹುರೂಪಿ’ ತಂಡದ ‘ರಕ್ತಕರಬಿ’ಗೆ ರಂಗಸಜ್ಜಿಕೆ ರಚಿಸಿದ ಖಾಲೇದ್ ಚೌಧುರಿ, 1959ರ ‘ಅಂಗಾರ್’ ನಾಟಕದಲ್ಲಿ ಗಣಿಗೆ ನೀರು ನುಗ್ಗುವ ದೃಶ್ಯವನ್ನು ಬೆಳಕಿನಿಂದಲೇ ಸೃಷ್ಟಿಸಿದ ತಾಪಸ್ ಸೇನ್ ಯಾವ ನಾಟಕ ಶಾಲೆಯ ಪದವೀಧರರೂ ಅಲ್ಲ.

ಕನ್ನಡದ ಅಭ್ಯರ್ಥಿಗಳಿಗೆ ಇನ್ನೊಂದು ಹೊಸ್ತಿಲು ಭಾಷೆಯದು. ಬಿ. ವಿ. ಕಾರಂತರು ದೆಹಲಿಯ ಶಾಲೆಯ ಮೊದಲ ತಂಡಗಳಲ್ಲಿ ಒಬ್ಬರಾಗಿ 1962ರಲ್ಲಿ ತೇರ್ಗಡೆಯಾದರು. ಅವರಿಗೆ ಹಿಂದಿಯ ಉನ್ನತ ಶಿಕ್ಷಣ ಕಾಶಿಯಲ್ಲಿ ಮೊದಲೇ ದೊರೆತಿತ್ತು. ಬಾಲ್ಯದಲ್ಲಿ ಗುಬ್ಬಿ ಕಂಪನಿಯ ಒಡನಾಟವೂ ಇತ್ತು. ಪರದೆಯ ರಂಗಭೂಮಿಯನ್ನೂ ಶಾಲೆಯ ರಂಗಭೂಮಿಯನ್ನೂ ಬಲ್ಲವರಾದ ಕಾರಂತರು 1972ರಲ್ಲಿ ಬೆಂಗಳೂರಿನ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ಗಳನ್ನು ಆಡಿಸಿದಾಗ ಕನ್ನಡದ ರಂಗವಿನ್ಯಾಸ ಚೌಕಟ್ಟಿನಿಂದ ಹೊರಬಂದಿತು. ಬಿ. ಜಯಶ್ರೀ, ಪ್ರಸನ್ನ, ಸಿ. ಆರ್. ಜಂಬೆ, ಸಿ. ಬಸವಲಿಂಗಯ್ಯ ಮೊದಲಾದವರು ಅದೇ ಶಾಲೆಯಿಂದ ಬಂದು ಕನ್ನಡ ರಂಗಭೂಮಿಯನ್ನು ಬೆಳೆಸಿದರು. ಈ ಹೆಸರುಗಳನ್ನು ಸಾಲಾಗಿ ಓದಿದಾಗ ಒಂದಂಶ ಕಣ್ಣಿಗೆ ಬೀಳುತ್ತದೆ. ಇವರೆಲ್ಲರೂ ಖ್ಯಾತರಾದದ್ದು ನಿರ್ದೇಶಕರಾಗಿ ಅಥವಾ ನಟರಾಗಿ. ವಿನ್ಯಾಸವು ನಿರ್ದೇಶನದ ಜೊತೆಗೆ ಬಂದ ವಿದ್ಯೆಯಾಗಿ ಅವರ ಪ್ರಯೋಗಗಳಲ್ಲಿ ಕರಗಿಹೋಗಿದೆ.

ಹೆಗ್ಗೋಡಿನ ನೀನಾಸಮ್ 1980ರಲ್ಲಿ ತೆರೆದ ರಂಗಶಿಕ್ಷಣ ಕೇಂದ್ರವು ಈ ಷರತ್ತುಗಳಲ್ಲಿ ಎರಡನ್ನು ಸಡಿಲಿಸಿತು. ಕೆ. ವಿ. ಸುಬ್ಬಣ್ಣನವರ ಸಂಕಲ್ಪದ ಈ ಶಾಲೆಯ ಮಾಧ್ಯಮ ಕನ್ನಡ. ಪದವಿ ಪಡೆದಿರಲೇಬೇಕೆಂಬ ನಿರ್ಬಂಧವಿಲ್ಲ. ದೆಹಲಿಯ ಶಾಲೆಯಲ್ಲಿ ಕಲಿತು, ಅನಂತರ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಕೆ. ವಿ. ಅಕ್ಷರ ಅವರು ಹೆಗ್ಗೋಡಿಗೇ ಮರಳಿದ್ದರಿಂದ ಆ ಎರಡೂ ಕಡೆಯ ಕಲಿಕೆ ಮಲೆನಾಡಿನ ಹಳ್ಳಿಯ ತರಗತಿಗೆ ಬಂದಿತು. ಇಲ್ಲಿ ವಿನ್ಯಾಸ ಸ್ವತಂತ್ರ ವಿಭಾಗವಲ್ಲ; ವಿದ್ಯಾರ್ಥಿ ಅಭಿನಯದ ಜೊತೆಗೆ ರಂಗಸಜ್ಜಿಕೆ ಕಟ್ಟುವುದನ್ನೂ ಪ್ರಸಾಧನವನ್ನೂ ಕಲಿಯುತ್ತಾನೆ. 1985ರಲ್ಲಿ ಆರಂಭವಾದ ‘ತಿರುಗಾಟ’ವು ಈ ಕಲಿಕೆಗೆ ಕಠಿಣವಾದ ಒರೆಗಲ್ಲಾಯಿತು. ಊರಿಂದೂರಿಗೆ ವಾಹನದಲ್ಲಿ ಒಯ್ದು, ಒಂದೊಂದು ಊರಿನ ಒಂದೊಂದು ಅಳತೆಯ ರಂಗಕ್ಕೆ ಹೊಂದಿಸಿ, ಆಟ ಮುಗಿದೊಡನೆ ಬಿಚ್ಚಿ ಕಟ್ಟಬಲ್ಲ ಸಜ್ಜಿಕೆಯನ್ನು ಯೋಜಿಸುವುದು ಯಾವ ಚಿತ್ರಸಂಪುಟದಲ್ಲಿಯೂ ತೋರಿಸಲಾಗದ ಜಾಣ್ಮೆ. ಕಂಪನಿ ನಾಟಕದ ಕೆಲಸಗಾರರಿಗೆ ಈ ಜಾಣ್ಮೆ ಮೊದಲಿನಿಂದಲೂ ಇತ್ತು ಎಂಬುದು ಬೇರೆ ಮಾತು.

ಆ ಕೆಲಸಗಾರರ ಪಾಲಿಗೆ ಮಾತ್ರ ಯಾವ ಬಾಗಿಲೂ ಪೂರ್ತಿಯಾಗಿ ತೆರೆಯಲಿಲ್ಲ. ವೃತ್ತಿ ಕಂಪನಿಗಳು ಕುಗ್ಗಿದಂತೆ ಪರದೆಯ ಕಲಾವಿದರಲ್ಲಿ ಅನೇಕರು ಚಿತ್ರಮಂದಿರಗಳ ಬ್ಯಾನರು, ಅಂಗಡಿಗಳ ನಾಮಫಲಕಗಳತ್ತ ಸರಿದರು. ಆ ಕೆಲಸವನ್ನೂ ಮುಂದೆ ಮುದ್ರಣಯಂತ್ರ ಕಸಿದುಕೊಂಡಿತು. ಪದವಿ ಇಲ್ಲದ ಕಾರಣ ಅವರು ದೆಹಲಿಯ ಶಾಲೆಗೆ ವಿದ್ಯಾರ್ಥಿಗಳಾಗಿ ಅರ್ಜಿ ಹಾಕುವಂತಿರಲಿಲ್ಲ; ವಿಶ್ವವಿದ್ಯಾಲಯಗಳ ನಾಟಕ ವಿಭಾಗಗಳಿಗೆ ಅಧ್ಯಾಪಕರಾಗಿ ಅರ್ಜಿ ಹಾಕುವುದಂತೂ ದೂರದ ಮಾತು. ದೂರದೃಷ್ಟಿಯ ನಿಯಮದಂತೆ ಗೆರೆಗಳನ್ನು ಒಂದು ಬಿಂದುವಿಗೆ ಎಳೆಯುವುದು, ಅಂಟು ಬೆರೆಸಿದ ಬಣ್ಣ ಬಟ್ಟೆ ಸುತ್ತಿದಾಗ ಬಿರಿಯದಂತೆ ಹದಮಾಡುವುದು, ದೀಪದ ಹಳದಿ ಬೆಳಕಿನಲ್ಲಿ ನೀಲಿ ಹೇಗೆ ಮಂಕಾಗುತ್ತದೆಂಬುದನ್ನು ಮೊದಲೇ ಊಹಿಸುವುದು, ಇವೆಲ್ಲ ರಂಗವಿನ್ಯಾಸದ ಯಾವುದೇ ಸ್ನಾತಕೋತ್ತರ ಶಿಕ್ಷಣದಲ್ಲಿ ಪಾಠವಾಗಬಲ್ಲ ಸಂಗತಿಗಳು. ಅವುಗಳನ್ನು ಬಲ್ಲವರ ಬಹುಪಾಲು ತಿಳಿವಳಿಕೆ ಬರಹಕ್ಕಿಳಿಯದೆ ಅವರ ಕೈಗಳೊಡನೆ ಹೋಯಿತು. ಉಳಿದಿರುವ ಕೆಲವು ಪರದೆಗಳು ಬಣ್ಣ ಉದುರುತ್ತ ಸುರುಳಿಯಾಗಿಯೇ ಇವೆ.