ವಿಲೇವಾರಿಯ ಜೀಪು: ಒಂದು ಚಾರಿತ್ರಿಕ ವಿವೇಚನೆ

ನಮ್ಮ ಸಂಶೋಧನ ಪತ್ರಿಕೆಗಳಲ್ಲಿ ಶಾಸನ, ನಾಣ್ಯ, ಹಸ್ತಪ್ರತಿಗಳಿಗೆ ದೊರೆತಿರುವ ಮರ್ಯಾದೆಯು ಯಂತ್ರಗಳಿಗೆ ಇನ್ನೂ ದೊರೆತಿಲ್ಲ. ಕಬ್ಬಿಣದ ಮೇಲೆ ಕೆತ್ತಿದ ಅಂಕೆಯೂ ಒಂದು ಲೇಖವೇ ಎಂಬುದನ್ನು ನಾವು ಮರೆತಿದ್ದೇವೆ. ಮುಂಬಯಿ, ಪುಣೆಗಳಲ್ಲಿ ಉದ್ಯೋಗದಲ್ಲಿದ್ದು, ಮಲೆನಾಡಿನಲ್ಲಿಯೋ ಕೊಡಗಿನಲ್ಲಿಯೋ ಪಿತ್ರಾರ್ಜಿತ ತೋಟವನ್ನು ಉಳಿಸಿಕೊಂಡಿರುವ ಮಿತ್ರರು ನಿವೃತ್ತಿಯ ಕಾಲ ಸಮೀಪಿಸಿದಂತೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುವುದುಂಟು: ಮಳೆಗಾಲದಲ್ಲಿ ತೋಟದ ಮನೆಯವರೆಗೆ ಹತ್ತಬಲ್ಲ ಹಳೆಯ 'ಫೋರ್ ವೀಲ್' ಜೀಪು ಕಡಿಮೆ ಬೆಲೆಗೆ ಎಲ್ಲಿ ಸಿಕ್ಕೀತು? ಪ್ರಶ್ನೆ ಲೌಕಿಕವಾದುದು; ಉತ್ತರ ಮಾತ್ರ ಚರಿತ್ರೆಯೊಳಗೆ ಹುದುಗಿದೆ. ನಮ್ಮ ದೇಶದಲ್ಲಿ ಅಗ್ಗದ ಜೀಪೆಂಬುದು ಬಹುಮಟ್ಟಿಗೆ ಮಾರುಕಟ್ಟೆಯ ಕೊಡುಗೆಯಲ್ಲ. ಅದು ಸರಕಾರವು ಬಿಸುಟ ವಸ್ತು. ಸರಕಾರವು ಬಿಸುಡುವ ಕ್ರಮ ಬದಲಾದಾಗಲೆಲ್ಲ ರೈತನ ಅಂಗಳದ ಬಂಡಿಯೂ ಬದಲಾಗಿದೆ. ಪ್ರಸ್ತುತ ಲೇಖನದ ಪ್ರತಿಪಾದ್ಯ ಇಷ್ಟೇ.

ಜೀಪಿನ ಜನ್ಮವೃತ್ತಾಂತವು ವಾಚಕರಿಗೆ ಅಪರಿಚಿತವಲ್ಲವಾದುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. 1940ರಲ್ಲಿ ಅಮೆರಿಕದ ಸೈನ್ಯವು ಹಗುರವಾದ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ತಲುಪುವ ಬಂಡಿಯೊಂದನ್ನು ಬಯಸಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿಯು ಆ ವರ್ಷದ ಸೆಪ್ಟೆಂಬರಿನಲ್ಲಿ ಮೊದಲ ಮಾದರಿಯನ್ನು ಒಪ್ಪಿಸಿತು. ಆದರೆ ದೊಡ್ಡ ಪ್ರಮಾಣದ ಆದೇಶಗಳು ಸಂದದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಈ ಎರಡು ಕಂಪನಿಗಳು ಯುದ್ಧಾಂತ್ಯದೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಇವುಗಳಲ್ಲಿ ಒಂದು ಭಾಗವು ಬರ್ಮಾ ರಣರಂಗದ ನಿಮಿತ್ತ ಭಾರತಕ್ಕೆ ಬಂದಿತು. ಯುದ್ಧ ಮುಗಿದ ಮೇಲೆ ಅವನ್ನು ಹಿಂದಕ್ಕೆ ಸಾಗಿಸುವ ವೆಚ್ಚವು ಅವುಗಳ ಬೆಲೆಗಿಂತ ಹೆಚ್ಚಾಗುವ ಪರಿಸ್ಥಿತಿಯಿದ್ದಿತು. 1946ರ ಮೇ ತಿಂಗಳಿನ ಒಪ್ಪಂದದ ಪ್ರಕಾರ ಅಮೆರಿಕದ ಶೇಷಸಾಮಗ್ರಿಯು ಭಾರತ ಸರಕಾರದ ವಶಕ್ಕೆ ಬಂದು, ವಿಲೇವಾರಿ ಇಲಾಖೆಯ ಮೂಲಕ ಮಾರಾಟವಾಯಿತು. 'ಡಿಸ್ಪೋಸಲ್' ಎಂಬ ಶಬ್ದವು ಕನ್ನಡ ನಾಡಿನ ಮಾತಿನಲ್ಲಿ ಬೇರೂರಿದ್ದು ಇಂಥ ಹರಾಜುಗಳಿಂದಲೇ. ಕಂಬಳಿ, ಬೂಟು, ನೀರಿನ ಡಬ್ಬಿಗಳ ಜೊತೆಯಲ್ಲಿ ಜೀಪೂ ಡಿಸ್ಪೋಸಲ್ಲಿನ ಸರಕಾಯಿತು.

ಇದೇ ಕಾಲದಲ್ಲಿ ಹೊಸ ಜೀಪಿನ ಕಥೆಯೂ ಮುಂಬಯಿಯಲ್ಲಿಯೇ ಆರಂಭವಾಯಿತೆಂಬುದನ್ನು ಇಲ್ಲಿಯ ವಾಚಕರು ಅಭಿಮಾನದಿಂದ ನೆನೆಯಬಹುದು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕಾಗಿ ಸ್ಥಾಪಿತವಾದ ಮಹೀಂದ್ರ ಆಂಡ್ ಮೊಹಮ್ಮದ್ ಸಂಸ್ಥೆಯ ಪಾಲುಗಾರರಲ್ಲಿ ಒಬ್ಬರಾದ ಗುಲಾಮ್ ಮೊಹಮ್ಮದರು ದೇಶವಿಭಜನೆಯ ತರುವಾಯ ಪಾಕಿಸ್ತಾನದ ಮೊದಲ ಅರ್ಥಮಂತ್ರಿಯಾದರು. 1948ರಲ್ಲಿ ಸಂಸ್ಥೆಯ ಹೆಸರು ಮಹೀಂದ್ರ ಆಂಡ್ ಮಹೀಂದ್ರ ಎಂದಾಯಿತು. ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದ ವಿಲ್ಲಿಸ್ ಜೀಪುಗಳನ್ನು ಮಜಗಾಂವ್‌ನಲ್ಲಿ ಜೋಡಿಸುವ ಕೆಲಸವು ಆ ದಶಕದ ಕೊನೆಯಲ್ಲಿಯೇ ನಡೆದಿತ್ತು. ಆದರೆ ಹೊಸ ಜೀಪು ಸಾಮಾನ್ಯ ತೋಟಗಾರನ ಕೈಗೆ ಎಟುಕುವ ವಸ್ತುವಾಗಿರಲಿಲ್ಲ.

ಹಳೆಯ ಜೀಪನ್ನು ಕೊಳ್ಳುವ ಕಷ್ಟವನ್ನು ಸ್ವತಂತ್ರ ಭಾರತದಲ್ಲಿ ಮೊದಲಿಗೆ ದೊಡ್ಡ ಪ್ರಮಾಣದಲ್ಲಿ ಅನುಭವಿಸಿದ್ದು ಸ್ವತಃ ಸರಕಾರವೇ ಎಂಬುದು ಒಂದು ವಿಡಂಬನೆ. 1948ರಲ್ಲಿ ಕಾಶ್ಮೀರದ ಕಾರ್ಯಾಚರಣೆಗೆ ತುರ್ತಾಗಿ ಜೀಪುಗಳು ಬೇಕಾದಾಗ, ಲಂಡನ್ನಿನಲ್ಲಿ ನಮ್ಮ ಹೈಕಮಿಷನರರಾಗಿದ್ದ ವಿ. ಕೆ. ಕೃಷ್ಣ ಮೆನನ್ನರು ವಿದೇಶೀ ಸಂಸ್ಥೆಯೊಂದರೊಡನೆ ಸುಮಾರು 80 ಲಕ್ಷ ರೂಪಾಯಿಗಳ ಒಪ್ಪಂದ ಮಾಡಿಕೊಂಡರು. ಕೇಳಿದ್ದು ಹೊಸವನ್ನಲ್ಲ, ದುರಸ್ತಿ ಮಾಡಿದ ಹಳೆಯ ಜೀಪುಗಳನ್ನು. ಹಣದ ಬಹುಭಾಗವು ಮುಂಚಿತವಾಗಿಯೇ ಸಂದಾಯವಾಯಿತು. ಬಂದಿಳಿದವು 155, ಅವು ಸೈನ್ಯದ ಉಪಯೋಗಕ್ಕೆ ತಕ್ಕುವಲ್ಲವೆಂದು ಕಂಡುಬಂದಿತು. ಸಂಸತ್ತಿನಲ್ಲಿ ವರ್ಷಗಟ್ಟಲೆ ಚರ್ಚೆ ನಡೆದು, 1955ರ ಸೆಪ್ಟೆಂಬರ್ 30ರಂದು ಪ್ರಕರಣ ಮುಗಿದಿದೆಯೆಂದು ಗೋವಿಂದ ವಲ್ಲಭ ಪಂತರು ಸಾರಿದರು. ಮರುವರ್ಷ ಮೆನನ್ನರು ಕೇಂದ್ರ ಮಂತ್ರಿಮಂಡಲವನ್ನು ಸೇರಿದರು. ಈ ಪ್ರಕರಣವನ್ನು ಕುರಿತು ಬರೆದವರೆಲ್ಲರೂ ವ್ಯಕ್ತಿಗಳ ಗುಣದೋಷಗಳನ್ನೇ ತೂಗಿದ್ದಾರೆ. ನನ್ನ ದೃಷ್ಟಿಯಲ್ಲಿ ಅದರ ಮರ್ಮವಿರುವುದು 'ದುರಸ್ತಿಯಾದ' ಎಂಬ ಒಂದು ವಿಶೇಷಣದಲ್ಲಿ. ಯಾರು ದುರಸ್ತಿ ಮಾಡಿದರು, ಯಾವ ಭಾಗವನ್ನು ಬದಲಿಸಿದರು, ನೋಡಿ ಒಪ್ಪಿದವರು ಯಾರು ಎಂಬುದು ಕಾಗದದಲ್ಲಿ ಇಲ್ಲದಿದ್ದರೆ ಆ ವಿಶೇಷಣಕ್ಕೆ ಅರ್ಥವೇ ಇಲ್ಲ. ಬ್ಯಾಂಕಿನ ಮೇಜಿನ ಮುಂದೆ ಎರಡು ದಶಕ ಕುಳಿತವನಿಗೆ, ತಪಾಸಣೆಗೆ ಮುಂಚೆ ಹಣ ಕೊಡುವ ಒಪ್ಪಂದವು ಹೇಗೆ ಕೊನೆಗಾಣುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಪ್ರವಾಹವು ಅಭಿವೃದ್ಧಿಯ ಜೀಪುಗಳದು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಂದಿನಿಂದ ಬ್ಲಾಕು ಅಧಿಕಾರಿಗೆ ಜೀಪು ಬಂದಿತು. ಮಲೇರಿಯಾ ನಿಯಂತ್ರಣಕ್ಕೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಬಂದಿತು. ನಮ್ಮ ಹಳ್ಳಿಗಳ ಪಾಲಿಗೆ ಸರಕಾರವೆಂದರೆ ಧೂಳೆಬ್ಬಿಸಿ ಬರುವ ಜೀಪು ಎಂಬಂತಾಯಿತು. ಕಾಲಕ್ರಮದಲ್ಲಿ ಇವು 'ಕಂಡಮ್' ಆಗಿ ಕಚೇರಿಯ ಹಿಂದಿನ ಹುಣಸೆಮರದಡಿ ನಿಂತು, ಹರಾಜಾಗಿ, ತೋಟ ಗದ್ದೆಗಳ ದಾರಿ ಹಿಡಿದವು.

ಹೀಗೆ ಕೈಯಿಂದ ಕೈಗೆ ಬಂದ ಜೀಪನ್ನು ಓದುವುದು ಶಾಸನವನ್ನು ಓದುವುದಕ್ಕಿಂತ ಸುಲಭವಲ್ಲ. ಗಂಗರ ತಾಮ್ರಪಟಗಳ ಸಾಚಾತನವನ್ನು ಕುರಿತು ಫ್ಲೀಟ್ ಹಾಗೂ ರೈಸ್ ಇವರ ನಡುವೆ ನಡೆದ ದೀರ್ಘವಾದ ವಾದವು ವಿದ್ವಾಂಸರಿಗೆ ಗೊತ್ತಿದೆ. ಜೀಪಿನ ಪೇಟೆಯಲ್ಲಿಯೂ ಕೂಟಶಾಸನಗಳಿಗೆ ಕೊರತೆಯಿಲ್ಲ. 'ಯುದ್ಧಕಾಲದ ಅಸಲು ಜೀಪು' ಎಂದು ತೋರಿಸುವ ಬಂಡಿಯ ಮುಂಭಾಗದ ಜಾಲರಿಯಲ್ಲಿ ಏಳೇ ಸೀಳುಗಳಿದ್ದರೆ ಆ ಜಾಲರಿ ಯುದ್ಧಾನಂತರದ ನಾಗರಿಕ ಮಾದರಿಯದು. ಸೈನ್ಯದ ಅಚ್ಚೊತ್ತಿದ ಜಾಲರಿಗೆ ಒಂಬತ್ತು. ಮುಂದಿನ ಬಂಪರಿನ ಹಿಂದೆ ಛಾಸಿಯ ಎರಡು ತೊಲೆಗಳನ್ನು ಕೂಡಿಸುವ ಅಡ್ಡಪಟ್ಟಿಯು ದುಂಡನೆಯ ಕೊಳವೆಯಾಗಿದ್ದರೆ ವಿಲ್ಲಿಸ್, ಬೋರಲು ಹಾಕಿದ ತೊಟ್ಟಿಯಂತಿದ್ದರೆ ಫೋರ್ಡ್. ಫೋರ್ಡ್ ಕಂಪನಿಯು ತನ್ನ ಬೋಲ್ಟುಗಳ ತಲೆಯ ಮೇಲೆ ಕೂಡ 'ಎಫ್' ಅಕ್ಷರವನ್ನು ಒತ್ತಿರುತ್ತದೆ. 1953ರಲ್ಲಿ ಹುಟ್ಟಿ, ಅನಂತರ ಭಾರತದಲ್ಲಿ ದಶಕಗಳ ಕಾಲ ತಯಾರಾದ ಸಿಜೆ 3ಬಿ ಮಾದರಿಯಲ್ಲಿ ಎಂಜಿನ್ನು ಎತ್ತರವಾದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಆ ಎತ್ತರದ ಹಣೆಯನ್ನು ಹೊತ್ತು, ತಾನು 1944ರವನೆಂದು ಹೇಳಿಕೊಳ್ಳುವ ಜೀಪನ್ನು ನಂಬತಕ್ಕದ್ದಲ್ಲ. ಫೋರ್ಡಿನ ಛಾಸಿ, ವಿಲ್ಲಿಸ್ಸಿನ ಎಂಜಿನ್ನು, ಮಹೀಂದ್ರದ ಗೇರು ಪೆಟ್ಟಿಗೆ, ಊರ ಮೇಸ್ತ್ರಿಯ ತಗಡಿನ ಮೈ ಇವು ಒಂದೇ ಬಂಡಿಯಲ್ಲಿ ಕೂಡಿರುವುದೇ ಸಾಮಾನ್ಯ. ಇದನ್ನು ಕಲಬೆರಕೆಯೆಂದು ಹಳಿಯುವವರುಂಟು. ನಾನಾದರೋ ಪ್ರತಿ ಪದರವೂ ಒಂದೊಂದು ದಶಕದ ಸಾಕ್ಷಿಯೆಂದೇ ಎಣಿಸುತ್ತೇನೆ.

ಕೊಳ್ಳುವವನು ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ನೆಲದ ಕಡೆಯನ್ನು. ನಾಲ್ಕು ಚಕ್ರದ ಬಲವಿಲ್ಲದ ಜೀಪುಗಳೂ ನಮ್ಮಲ್ಲಿ ಹೇರಳವಾಗಿ ಮಾರಾಟವಾಗಿವೆ. ಮುಂದಿನ ಆಕ್ಸಲಿನಲ್ಲಿ ಡಿಫರೆನ್ಷಿಯಲ್ಲಿನ ಉಬ್ಬಿದ ಗುಂಡು ಇಲ್ಲದಿದ್ದರೆ ಅದು ಹೆಸರಿಗೆ ಮಾತ್ರ ಜೀಪು. ಮಲೆನಾಡಿನ ಕೆಸರೂ ಕರಾವಳಿಯ ಉಪ್ಪುಗಾಳಿಯೂ ಛಾಸಿಯ ತೊಲೆಗಳನ್ನು ಒಳಗಿನಿಂದ ತಿನ್ನುತ್ತವೆ. ಸ್ಪ್ರಿಂಗುಗಳನ್ನು ಹಿಡಿದಿರುವ ಕೊಂಡಿಗಳ ಬಳಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಬ್ಬಿಣದ ನಾದವೇ ಬೇರೆ, ಹುಪ್ಪಟೆಯೆದ್ದ ಕಬ್ಬಿಣದ ಸಪ್ಪಳವೇ ಬೇರೆ. ಕಿಂಗ್‌ಪಿನ್ನುಗಳು ಸವೆದಿದ್ದರೆ ಸ್ಟಿಯರಿಂಗು ಅದುರುತ್ತದೆ. ನಾಲ್ಕು ಚಕ್ರಗಳನ್ನು ಜೋಡಿಸುವ ಸನ್ನೆಗೋಲನ್ನು ಕೆಸರಿನಲ್ಲಿಯೇ ಪರೀಕ್ಷಿಸಬೇಕು. ಮುಂದಿನ ಹಿಂದಿನ ಆಕ್ಸಲುಗಳ ನಡುವೆ ವ್ಯತ್ಯಾಸವನ್ನು ಸರಿದೂಗಿಸುವ ಏರ್ಪಾಡು ಈ ಜೀಪುಗಳಲ್ಲಿ ಇಲ್ಲದ ಕಾರಣ, ಒಣಗಿದ ಟಾರು ರಸ್ತೆಯಲ್ಲಿ ಹಾಗೆ ತಿರುವಿದರೆ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ದುರಸ್ತಿಗೆ ಇಳಿದಾಗ ಛಾಸಿ, ಬ್ರೇಕು, ಸ್ಟಿಯರಿಂಗು, ಅನಂತರ ಎಂಜಿನ್ನು, ಕಟ್ಟಕಡೆಗೆ ಮೈ ಮತ್ತು ಬಣ್ಣ ಎಂಬ ಕ್ರಮವಿರಬೇಕು. ಬಹುಮಂದಿ ಇದನ್ನು ತಲೆಕೆಳಗು ಮಾಡಿ, ಮಿರುಗುವ ಬಣ್ಣದ ಕೆಳಗೆ ನಿಲ್ಲಲಾರದ ಬ್ರೇಕನ್ನು ಇಟ್ಟುಕೊಳ್ಳುತ್ತಾರೆ. ಬಣ್ಣದಲ್ಲಿಯೂ ಒಂದು ಕಟ್ಟಳೆಯುಂಟು: 1989ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೈನ್ಯದ ಆಲಿವ್ ಹಸುರು ರಕ್ಷಣಾ ಇಲಾಖೆಗೆ ಮೀಸಲು.

ಈ ದುರಸ್ತಿಯ ವಿದ್ಯೆಗೆ ತನ್ನವೇ ಆದ ಕ್ಷೇತ್ರಗಳಿವೆ. ಹರಿಯಾಣದ ಮಂಡಿ ಡಬ್ವಾಲಿಯು ಸೈನ್ಯದ ಹರಾಜಿನ ಜೀಪುಗಳನ್ನು ಬಿಚ್ಚಿ ಕಟ್ಟುವುದರಲ್ಲಿ ಪ್ರಸಿದ್ಧವಾಯಿತು. ದಿಲ್ಲಿಗೆ ಮಾಯಾಪುರಿ, ಮುಂಬಯಿಗೆ ಕುರ್ಲಾ, ಬೆಂಗಳೂರಿಗೆ ಶಿವಾಜಿನಗರದ ಗುಜರಿ. ಸೈನ್ಯದ ಜೀಪಿನ ಉತ್ತರಾಧಿಕಾರಿಗಳೂ ಇವೇ ಪೇಟೆಗಳನ್ನು ಹಾದುಬಂದವು. ನಿಸ್ಸಾನ್ ಕಂಪನಿಯ ಪರವಾನಗಿಯ ಮೇಲೆ 1969ರಿಂದ 1999ರ ವರೆಗೆ ಜಬಲ್ಪುರದಲ್ಲಿ ತಯಾರಾದ ಜೋಂಗಾ ಅವುಗಳಲ್ಲೊಂದು. ಅದರ ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್ನಿನ ಹಸಿವನ್ನು ತಾಳಲಾರದೆ ಕೊಂಡವರು ಡೀಸೆಲ್ ಎಂಜಿನ್ನನ್ನು ಕೂಡಿಸಿಕೊಂಡರು. ಇನ್ನೊಂದು, 1985ರಲ್ಲಿ ಬಂದ ಮಾರುತಿ ಜಿಪ್ಸಿ. ಹಗುರವಾದ ಮೈಯಿಂದಾಗಿ ಗುಡ್ಡಗಾಡಿಗೆ ಅದು ಹೇಳಿ ಮಾಡಿಸಿದಂತಿತ್ತು.

ಎಂಜಿನ್ ಬದಲಿಸುವ ಈ ಜಾಣ್ಮೆಯೇ ಮುಂದೆ ಕಾನೂನಿನೊಡನೆ ಘರ್ಷಣೆಗೆ ಬಂದಿತು. ತಯಾರಕನು ದಾಖಲಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಮ್ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಹದಿನೈದು ವರ್ಷ ದಾಟಿದ ಕಾರು, ಜೀಪುಗಳ ನೋಂದಣಿಯ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಂದು 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಆದುದರಿಂದ ಆರ್.ಸಿ. ಪುಸ್ತಕದ ಎಂಜಿನ್ ಸಂಖ್ಯೆಯನ್ನೂ ಛಾಸಿ ಸಂಖ್ಯೆಯನ್ನೂ ಕಬ್ಬಿಣದ ಮೇಲಿನ ಸಂಖ್ಯೆಗಳೊಡನೆ ಅಕ್ಷರಶಃ ಹೋಲಿಸದೆ ಹಣ ಬಿಚ್ಚುವುದು ಸಲ್ಲದು. ಅವು ಹೊಂದದಿದ್ದರೆ ಆ ಬಂಡಿ ಎಷ್ಟೇ ಗಟ್ಟಿಯಾಗಿದ್ದರೂ ರಸ್ತೆಯ ಪಾಲಿಗೆ ಇಲ್ಲದಂತೆಯೇ.

ಇವೆಲ್ಲಕ್ಕಿಂತ ದೊಡ್ಡ ಮಾರ್ಪಾಟು ಸದ್ದಿಲ್ಲದೆ ನಡೆಯಿತು. 2023ರ ಜನವರಿಯಲ್ಲಿ ಹೊರಟ ಕೇಂದ್ರದ ಅಧಿಸೂಚನೆಯ ಮೇರೆಗೆ, ಹದಿನೈದು ವರ್ಷ ತುಂಬಿದ ಸರಕಾರೀ ವಾಹನಗಳ ನೋಂದಣಿಯು ಆ ವರ್ಷದ ಏಪ್ರಿಲ್ 1ರಿಂದ ನವೀಕರಣವಾಗದಂತಾಯಿತು; ಅವು ಹರಾಜಿಗಲ್ಲ, ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗತಕ್ಕವು. ದೇಶರಕ್ಷಣೆ ಹಾಗೂ ಶಾಂತಿಪಾಲನೆಯ ಕವಚಿತ, ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿಯುಂಟು. ಹೊಗೆಯ ಉಪದ್ರವವನ್ನು ಬಲ್ಲ ನಗರವಾಸಿಗಳಾದ ನಾವು ಈ ನಿಯಮದ ಉದ್ದೇಶವನ್ನು ಅಲ್ಲಗಳೆಯಲಾರೆವು. ಆದರೂ 1946ರಲ್ಲಿ ತೆರೆದ ಬಾಗಿಲೊಂದು ಇದರಿಂದ ಬಹುಮಟ್ಟಿಗೆ ಮುಚ್ಚಿದಂತಾಯಿತು. ಕೊಡಚಾದ್ರಿಗೆ ಯಾತ್ರಿಕರನ್ನು ಹೊತ್ತು ಹತ್ತುವ ಜೀಪುಗಳು, ಮಾಂದಲಪಟ್ಟಿಯ ಕಲ್ಲುದಾರಿಯ ಜೀಪುಗಳು, ಅಡಕೆ ಕಾಫಿ ತೋಟಗಳ ಹೆಸರಿಲ್ಲದ ಜೀಪುಗಳು ಸವೆದು ಬಿದ್ದಮೇಲೆ ಅವುಗಳ ಸ್ಥಾನಕ್ಕೆ ಕಚೇರಿಯ ಹುಣಸೆಮರದಡಿಯಿಂದ ಬರುವವು ಇಲ್ಲ.

ನಮ್ಮಂಥವರು ಮಾಡಬಹುದಾದ ಕೆಲಸ ಒಂದುಂಟು. ಊರಿಗೆ ಹೋದಾಗ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿರುವ ಜೀಪಿನ ಛಾಸಿಯನ್ನು ಒರೆಸಿ, ಸಂಖ್ಯೆಯನ್ನು ಪ್ರತಿಮಾಡಿಕೊಂಡು, ಹರಾಜಿನ ರಸೀದಿ ಹಳೆಯ ಟ್ರಂಕಿನಲ್ಲಿ ಉಳಿದಿದ್ದರೆ ಅದರ ಛಾಯಾಚಿತ್ರವನ್ನು ತೆಗೆದಿಡುವುದು. ದುರಸ್ತಿ ಮಾಡಿದ ಮೇಸ್ತ್ರಿ ಬದುಕಿದ್ದರೆ ಯಾವ ಭಾಗವನ್ನು ಎಲ್ಲಿಂದ ತಂದರೆಂದು ಕೇಳಿ ಬರೆದುಕೊಳ್ಳುವುದು. ಗುಜರಿ ಕೇಂದ್ರಗಳಿಗಾಗಿ 2021ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಬಂಡಿಯನ್ನು ಒಡೆದ ಮೇಲೆ ಛಾಸಿ ಸಂಖ್ಯೆಯಿರುವ ಕಬ್ಬಿಣದ ತುಂಡನ್ನು ಕತ್ತರಿಸಿ ಆರು ತಿಂಗಳ ಕಾಲ ಕಾಪಾಡಿಡಬೇಕು.